ಹಸಿರು ಬೆಳಕು ಬಂತು, ಮೂತ್ರ ಯಾಕೆ ಬರಲಿಲ್ಲ?

ಚನ್ನರಾಯಪಟ್ಟಣದ ಓದುಗರೊಬ್ಬರು ಬರೆದಿದ್ದಾರೆ: ‘ಬೆಂಗಳೂರಿನಲ್ಲಿ ನನ್ನ ತಮ್ಮನಿಗೆ ಕಿಡ್ನಿ ಕಸಿ ಆಯಿತು. ಮೆದುಳು ನಿಷ್ಕ್ರಿಯಗೊಂಡಿದ್ದ ಒಬ್ಬರ ಕಿಡ್ನಿ. ಆಪರೇಷನ್ ನಡೆಯುವಾಗಲೇ ಹಸಿರು ಡೈ ಕೊಟ್ಟು ಕ್ಯಾಮೆರಾದಲ್ಲಿ ನೋಡಿದ್ದೇವೆ, ಚೆನ್ನಾಗಿದೆ ಅಂದರು. ಆದರೂ ಒಂಬತ್ತು ದಿನ ಡಯಾಲಿಸಿಸ್ ತಪ್ಪಲಿಲ್ಲ. ಕ್ಯಾಮೆರಾ ಸುಳ್ಳು ಹೇಳಿತಾ? ಇಲ್ಲಾ ಆ ಡೈನಿಂದಲೇ ಹೀಗಾಯಿತಾ?’

ಕ್ಯಾಮೆರಾ ಸುಳ್ಳು ಹೇಳಿರಲಿಕ್ಕಿಲ್ಲ. ಗೊರೂರು ಡ್ಯಾಂನಿಂದ ನಾಲೆಗೆ ನೀರು ಬಿಟ್ಟಾಗ ಕೊನೇ ಗದ್ದೆವರೆಗೂ ಹೋಯಿತಾ ಅಂತ ನೋಡಿಕೊಂಡು ಬರ್ತೀರಲ್ವಾ? ಕಿಡ್ನಿಯಲ್ಲಿ ರಕ್ತ ಎಲ್ಲಿವರೆಗೆ ಹೋಯಿತು ಅಂತ ಕ್ಯಾಮೆರಾ ನೋಡೋದೂ ಅಷ್ಟನ್ನೇ. ಬಾಡಿದ ಪೈರು ಯಾವಾಗ ಎದ್ದು ನಿಲ್ಲುತ್ತೆ ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಹೊಸ ಕಿಡ್ನಿಯನ್ನು ಕಿಬ್ಬೊಟ್ಟೆಯಲ್ಲಿಟ್ಟು, ರಕ್ತನಾಳ ಹೊಲಿದು, ರಕ್ತ ತಡೆದಿದ್ದ ಕ್ಲ್ಯಾಂಪ್ ಬಿಚ್ಚುತ್ತಾರೆ. ಆಮೇಲೆ ಇಂಡೊಸಯನೈನ್ ಗ್ರೀನ್ ಎಂಬ ಡೈ ಕೊಡುತ್ತಾರೆ. ಸುಮಾರು 800 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಬಿಟ್ಟರೆ ಅದು ಮಿನುಗುತ್ತದೆ. ಆ ಮಿನುಗು ನಮ್ಮ ಕಣ್ಣಿಗೆ ಬೀಳಲ್ಲ, ಕ್ಯಾಮೆರಾಗೆ ಬೀಳುತ್ತೆ. (ಪರದೆ ಮೇಲಿನ ಹಸಿರು ಕಂಪ್ಯೂಟರ್ ಬಳಿದಿದ್ದು!)

ಡಾಕ್ಟರ್ ಸ್ನೇಹಿತರೊಬ್ಬರು ಹಾಸನದಲ್ಲಿ ಕಾಫಿ ಕುಡಿಯುತ್ತಾ ಇಂಥದ್ದೊಂದು ವಿಡಿಯೊ ತೋರಿಸಿದ್ದರು. ಕಪ್ಪು ಪರದೆ. ಮೊದಲು ರಕ್ತನಾಳ ಬೆಳಗಿತು, ಹಿಂದೆಯೇ ಕಿಡ್ನಿ. ಕೆಳತುದಿಯಲ್ಲಿ ಒಂದು ಹೆಬ್ಬೆರಳಗಲ ಮಾತ್ರ ಕಪ್ಪಾಗೇ ಉಳಿಯಿತು. ಕೆಲವರ ಕಿಡ್ನಿಗೆ ಎರಡು ಅಪಧಮನಿ ಇರುತ್ತವಂತೆ. ಕೆಳತುದಿಯದು ಸಣ್ಣದು. ಆದರೆ ಮೂತ್ರನಾಳಕ್ಕೂ ಅದರಿಂದಲೇ ರಕ್ತ ಹೋಗುತ್ತಿರಬಹುದು. ಅದು ಮಡಚಿಕೊಂಡರೆ ಮೂತ್ರನಾಳ ಸತ್ತು ಸೋರಲು ಶುರುವಾಗಬಹುದು. ಹೊಟ್ಟೆ ತೆರೆದಿರುವಾಗಲೇ ಗೊತ್ತಾದರೆ ಅಲ್ಲೇ ಸರಿಮಾಡಬಹುದು. ನನ್ನ ಕೇಳಿದರೆ ಕ್ಯಾಮೆರಾದ ನಿಜವಾದ ಉಪಯೋಗ ಇದೇ. ಹಾಗಂತ ಅದಿಲ್ಲದ ಆಸ್ಪತ್ರೆ ಕಳಪೆ ಅಂದ್ಕೋಬೇಡಿ. ಕಿಡ್ನಿ ಬಣ್ಣ ತಿರುಗುವುದು, ಮೂತ್ರದ ಮೊದಲ ಹನಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್, ಇವನ್ನು ನಂಬಿಯೇ ಎಷ್ಟೋ ಕಸಿಗಳು ನಡೆದಿವೆ.

ಕ್ಯಾಮೆರಾಗೆ ಕಾಣೋದು ಮೇಲಿನ ಕೆಲವು ಮಿಲಿಮೀಟರ್ ಮಾತ್ರ. ಒಂದೊಂದು ಕಿಡ್ನಿಯೊಳಗೆ ರಕ್ತ ಸೋಸುವ ಪುಟ್ಟ ಘಟಕಗಳು, ಅಂದರೆ ನೆಫ್ರಾನ್‌ಗಳು, ಸುಮಾರು 10 ಲಕ್ಷ ಇವೆ. ದಾನಿಯಿಂದ ತೆಗೆದು ಐಸ್‌ನಲ್ಲಿ ಗಂಟೆಗಟ್ಟಲೆ ಇಟ್ಟಾಗ ಅವುಗಳ ಸಣ್ಣ ನಳಿಕೆಗಳಿಗೆ ಪೆಟ್ಟು ಬೀಳುತ್ತೆ. ರಕ್ತ ಬಂದರೂ ಚೇತರಿಸಿಕೊಳ್ಳೋಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದರೆ ಅದಕ್ಕೆ ‘ಡಿಲೇಡ್ ಗ್ರಾಫ್ಟ್ ಫಂಕ್ಷನ್’ ಅಂತಾರೆ. ಅಮ್ಮನೋ ಅಣ್ಣನೋ ಕೊಟ್ಟ ಕಿಡ್ನಿಯಲ್ಲಿ ಇದು ಕಡಿಮೆ, ನಿಮ್ಮ ತಮ್ಮನಿಗೆ ಸಿಕ್ಕಂಥದ್ದರಲ್ಲಿ ಜಾಸ್ತಿ.

ಡೈ ಮೇಲೆ ಸುಮ್ನೆ ಅನುಮಾನ ಬೇಡ. ಸಿಟಿ ಸ್ಕ್ಯಾನ್‌ಗೆ ಕೊಡುವ ಡೈ ಬೇರೆ, ಅದು ಕಿಡ್ನಿ ಮೂಲಕ ಹೋಗುತ್ತೆ. ಇದು ಲಿವರ್ ಮೂಲಕ ಪಿತ್ತಕ್ಕೆ ಸೇರುತ್ತೆ. ಮೂರು ನಾಲ್ಕು ನಿಮಿಷದಲ್ಲಿ ರಕ್ತದಲ್ಲಿ ಅರ್ಧ ಖಾಲಿ. ಅಯೋಡಿನ್ ಅಲರ್ಜಿ ಇದ್ದವರು ಮಾತ್ರ ಮೊದಲೇ ಹೇಳಬೇಕು.

ಅಂದ ಹಾಗೆ, ನಾಲ್ಕು ಪುಟದ ಪತ್ರದ ಕೊನೇ ಸಾಲಿನಲ್ಲಿ ‘ಈಗ ಕ್ರಿಯಾಟಿನಿನ್ 1.4ಕ್ಕೆ ಇಳಿದಿದೆ’ ಅಂತ ಬರೆದಿದ್ದೀರಿ. (ಕಿಡ್ನಿ ಸೋಸಿ ಹಾಕಬೇಕಾದ ರಕ್ತದ ಕಸ ಇದು; ಇಳಿದರೆ ಕಿಡ್ನಿ ಕೆಲಸ ಮಾಡುತ್ತಿದೆ ಅಂತ.) ನಾನಾಗಿದ್ದರೆ ಪತ್ರವನ್ನು ಅದರಿಂದಲೇ ಶುರು ಮಾಡುತ್ತಿದ್ದೆ, ಮಾರಾಯ್ರೇ.