ಇಪ್ಪತ್ತು ವರ್ಷ ದಾಟಿದರೂ ಮುಗಿಯದ ಆಟಕ್ಕೆ ಜನ ಏಕೆ ಪುಕ್ಕಟೆ ದುಡಿಯುತ್ತಾರೆ?

ನೀವು ಕೇಳಿರುವುದು ಒಂದರಲ್ಲಿ ಎರಡು ಪ್ರಶ್ನೆ. ‘0 ಎ.ಡಿ.’ ಎಂಬ ಐತಿಹಾಸಿಕ ಯುದ್ಧತಂತ್ರದ ಕಂಪ್ಯೂಟರ್ ಆಟವನ್ನು ಸ್ವಯಂಸೇವಕರು ಸಂಬಳವಿಲ್ಲದೆ ವರ್ಷಗಟ್ಟಲೆ ಕಟ್ಟುತ್ತಲೇ ಇದ್ದಾರಲ್ಲ, ಅವರಿಗೆ ಇದರಿಂದ ಸಿಗುವುದೇನು ಎನ್ನುವುದು ಮೊದಲನೆಯದು. ಇತಿಹಾಸ ಓದಿರುವ, ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದ, ವಾರಕ್ಕೆ ನಾಲ್ಕೈದು ಗಂಟೆ ಮಾತ್ರ ಬಿಡುವಿರುವ ನಿಮಗೆ ಅಲ್ಲಿ ಕೆಲಸವಿದೆಯೇ ಎನ್ನುವುದು ಎರಡನೆಯದು. ಎರಡನೆಯದಕ್ಕೆ ಉತ್ತರ ಸುಲಭ: ಇದೆ, ನೀವು ಎಣಿಸಿದ್ದಕ್ಕಿಂತ ಹೆಚ್ಚೇ ಇದೆ. ಮೊದಲನೆಯದಕ್ಕೆ ಸ್ವಲ್ಪ ಸುತ್ತಿ ಬರಬೇಕು. ಕೆಲವು ವರ್ಷ ಇದರಲ್ಲಿ ಕೈಯಾಡಿಸಿ, ಒಂದೆರಡು ಸಲ ಕೈ ಸುಟ್ಟುಕೊಂಡವನಾಗಿ ಹೇಳುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 2001ರಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಆಟಕ್ಕೆ ಒಂದು ಮಾರ್ಪಾಡು ಮಾಡೋಣವೆಂದು ಕೆಲವು ಅಭಿಮಾನಿಗಳು ಹೊರಟರು. ಬೇರೆಯವರ ಆಟದೊಳಗೆ ತಮ್ಮ ಆಸೆಗಳೆಲ್ಲ ಹಿಡಿಸುವುದಿಲ್ಲ ಎನ್ನಿಸಿ ಸ್ವಂತ ಆಟವನ್ನೇ ಕಟ್ಟಲು ಕುಳಿತರು. ವೈಲ್ಡ್‌ಫೈರ್ ಗೇಮ್ಸ್ ಎಂಬುದು ಆ ತಂಡದ ಹೆಸರು. 2009ರಲ್ಲಿ ಕೋಡನ್ನು ಜಿಪಿಎಲ್ ಪರವಾನಗಿಯಲ್ಲಿ, ಚಿತ್ರ ಮತ್ತು ಸಂಗೀತವನ್ನು ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಮೊದಲ ಆಲ್ಫಾ, ಅಂದರೆ ಇನ್ನೂ ಪೂರ್ತಿಯಾಗದ ಪರೀಕ್ಷಾ ಆವೃತ್ತಿ, ಹೊರಬಂದದ್ದು 2010ರಲ್ಲಿ. 2025ರ ಜನವರಿಯಲ್ಲಿ ಬಂದ ಇಪ್ಪತ್ತೇಳನೆಯ ಆವೃತ್ತಿಗೂ ಆಲ್ಫಾ ಎಂಬ ಹಣೆಪಟ್ಟಿಯೇ ಇತ್ತು. ಆಟದ ಹೆಸರಿನಲ್ಲೇ ಒಂದು ತಮಾಷೆಯಿದೆ. ಕ್ರಿಸ್ತಪೂರ್ವ 1 ಮುಗಿದ ಮರುದಿನವೇ ಕ್ರಿಸ್ತಶಕ 1 ಶುರುವಾಗುತ್ತದೆ. ಸೊನ್ನೆಯ ವರ್ಷ ಎಂಬುದೊಂದು ಇರಲೇ ಇಲ್ಲ.

ಈ ಜನ ಎಂಥವರು ಎಂದು ತಿಳಿಯಬೇಕಾದರೆ ಆವೃತ್ತಿಗಳ ಹೆಸರುಗಳನ್ನು ನೋಡಿ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಪ್ರಾಚೀನ ಲೋಕದಿಂದ ಹೆಸರು ಆರಿಸುವುದು ಅವರ ಪದ್ಧತಿ. ಎಂ ಅಕ್ಷರಕ್ಕೆ ಮಗಧ ಬಂತು, ಪಿ ಅಕ್ಷರಕ್ಕೆ ಪತಂಜಲಿ. ಎಕ್ಸ್ ಅಕ್ಷರದ ಸರದಿ ಬಂದಾಗ, ಗ್ರೀಕರು ಬಳಸುತ್ತಿದ್ದ ಕ್ಸರ್ಕ್ಸಿಸ್ ಎಂಬ ರೂಪ ಕೈಗೆಟುಕುವಂತೆಯೇ ಇತ್ತು. ಅದನ್ನು ಬಿಟ್ಟು ಆ ದೊರೆ ತನ್ನ ಶಾಸನಗಳಲ್ಲಿ ಕೆತ್ತಿಸಿಕೊಂಡ ಹಳೆಯ ಪರ್ಷಿಯನ್ ರೂಪವನ್ನು, ಖ್ಷಯಾರ್ಷಾ ಎಂಬುದನ್ನು, ಇಟ್ಟರು. ಅದರ ಮುಂದಿನದು ಯೌನಾ. ಪರ್ಷಿಯನ್ನರು ಅಯೋನಿಯದ ಗ್ರೀಕರನ್ನು ಕರೆಯುತ್ತಿದ್ದ ಹೆಸರು ಅದು. ನಮ್ಮ ‘ಯವನ’ದ ಒಡಹುಟ್ಟು. ಯಾರೂ ಉಚ್ಚರಿಸಲಾರದ ಹೆಸರನ್ನು ಆಟಕ್ಕಿಟ್ಟರೆ ಪ್ರಚಾರಕ್ಕೆ ಪೆಟ್ಟು ಬೀಳುತ್ತದೆ ಎಂದು ಯಾವ ಕಂಪನಿಯ ಮಾರಾಟ ವಿಭಾಗವಾದರೂ ತಡೆಯುತ್ತಿತ್ತು. ಇಲ್ಲಿ ತಡೆಯುವವರಿಲ್ಲ. ಜನ ಇಲ್ಲಿಗೆ ಅಂಟಿಕೊಳ್ಳುವುದಕ್ಕೆ ಅರ್ಧ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ.

ಇನ್ನರ್ಧ ಕಾರಣವನ್ನು ನನ್ನದೇ ಒಂದು ಎಡವಟ್ಟಿನಿಂದ ಹೇಳುತ್ತೇನೆ.

ಸೈನ್ಯಗಳು ದೊಡ್ಡವಾದಂತೆ ಆಟ ನಿಧಾನವಾಗುತ್ತದೆ ಎಂಬುದು ಹಳೆಯ ದೂರು. ಸೈನಿಕನೊಬ್ಬನ ವೇಗ ಎಷ್ಟು, ಬಲ ಎಷ್ಟು ಎಂಬುದನ್ನು ಮತ್ತೆ ಮತ್ತೆ ಲೆಕ್ಕ ಹಾಕುವ ಒಂದು ಜಾಗ ನನ್ನ ಕಣ್ಣಿಗೆ ಬಿತ್ತು. ಒಮ್ಮೆ ಹಾಕಿದ ಲೆಕ್ಕವನ್ನು ಬದಿಯಲ್ಲಿ ಬರೆದಿಟ್ಟುಕೊಂಡರೆ ಸಾಕಲ್ಲ ಎಂದುಕೊಂಡು ಜಾವಾಸ್ಕ್ರಿಪ್ಟ್‌ನಲ್ಲಿ ಹತ್ತು ಹನ್ನೆರಡು ಸಾಲು ಬರೆದೆ. ಒಬ್ಬನೇ ಆಡಿ ನೋಡಿದೆ, ಚೆನ್ನಾಗಿ ನಡೆಯಿತು. ಗೆಳೆಯನೊಬ್ಬನನ್ನು ಕರೆದು ಆಡಿದೆ, ಆಗಲೂ ತೊಂದರೆಯಿಲ್ಲ. ನಡುವೆ ಅವನ ಇಂಟರ್ನೆಟ್ ಹೋಯಿತು. ಎರಡು ನಿಮಿಷದಲ್ಲಿ ಮರಳಿ ಸೇರಿಕೊಂಡ. ಅದಾಗಿ ಸ್ವಲ್ಪ ಹೊತ್ತಿಗೆ ಇಬ್ಬರ ಪರದೆಯ ಮೇಲೂ ‘ಔಟ್ ಆಫ್ ಸಿಂಕ್’ ಎಂಬ ಎಚ್ಚರಿಕೆ.

ಇದರ ಅರ್ಥ ತಿಳಿಯಲು ಇಂಥ ಆಟಗಳು ಒಳಗೆ ಹೇಗೆ ನಡೆಯುತ್ತವೆ ಎಂದು ಗೊತ್ತಿರಬೇಕು. ನೂರಾರು ಸೈನಿಕರು ಎಲ್ಲೆಲ್ಲಿ ನಿಂತಿದ್ದಾರೆ ಎಂಬುದನ್ನು ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕಳುಹಿಸುವುದಿಲ್ಲ. ಕಳುಹಿಸುವುದು ಆಟಗಾರನ ಆಜ್ಞೆಗಳನ್ನು ಮಾತ್ರ: ಇವರು ಅಲ್ಲಿಗೆ ಹೋಗಲಿ, ಇಲ್ಲೊಂದು ಮನೆ ಏಳಲಿ. ಉಳಿದದ್ದನ್ನೆಲ್ಲ ಪ್ರತಿಯೊಂದು ಕಂಪ್ಯೂಟರೂ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅಂಚೆಯಲ್ಲಿ ಚದುರಂಗ ಆಡುವವರು ತಂತಮ್ಮ ಮನೆಯಲ್ಲೊಂದು ಮಣೆ ಇಟ್ಟುಕೊಂಡು, ಕಾಗದದಲ್ಲಿ ಬಂದ ನಡೆಯನ್ನಷ್ಟೇ ತಮ್ಮ ಮಣೆಯಲ್ಲಿ ನಡೆಸುವಂತೆ. ಒಂದು ಗಂಟೆಯ ಯುದ್ಧದ ಮರುಪ್ರದರ್ಶನ ಪುಟ್ಟದೊಂದು ಪಠ್ಯ ಕಡತದಲ್ಲಿ ಕುಳಿತುಕೊಳ್ಳುವುದು ಈ ಕಾರಣಕ್ಕೇ. ಆದರೆ ಎರಡು ಮಣೆಗಳಲ್ಲಿ ಒಂದು ಕಾಯಿ ಅರ್ಧ ಬೆರಳು ಆಚೀಚೆಯಾದರೂ ಅಲ್ಲಿಂದ ಮುಂದೆ ಇಬ್ಬರೂ ಬೇರೆ ಬೇರೆ ಆಟ ಆಡುತ್ತಿರುತ್ತಾರೆ. ಬೇರೆ ಬೇರೆ ಪ್ರೊಸೆಸರುಗಳು, ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರುಗಳು ದಶಮಾಂಶದ ಲೆಕ್ಕವನ್ನು ಕೊನೆಯ ಅಂಕಿಯಲ್ಲಿ ಬೇರೆ ಬೇರೆಯಾಗಿ ಮುಗಿಸಬಹುದು ಎಂಬ ಭಯಕ್ಕೆ, ಈ ಆಟದ ಎಂಜಿನ್, ಅಂದರೆ ಆಟವನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ, ಸೈನಿಕರ ಸ್ಥಾನವನ್ನೆಲ್ಲ ಒಂದನ್ನು 65,536 ಪಾಲು ಮಾಡಿದ ಪೂರ್ಣಾಂಕಗಳಲ್ಲೇ ಇಟ್ಟುಕೊಳ್ಳುತ್ತದೆ. ಸೈನ್, ಕೊಸೈನ್‌ಗಳನ್ನು ಕೂಡ ಜಾವಾಸ್ಕ್ರಿಪ್ಟ್‌ನ ಪಾಲಿಗೆ ಬಿಡದೆ ತಾವೇ ಬರೆದುಕೊಂಡಿದ್ದಾರೆ. ಶಾಲೆಯ ಗಣಿತವನ್ನು ಇನ್ನೊಮ್ಮೆ ಕೈಯಾರೆ ಬರೆಯುವ ಈ ಹಟ ನನಗೆ ಮೊದಲು ಅತಿಯೆನಿಸಿತ್ತು.

ಇಬ್ಬರ ಕಂಪ್ಯೂಟರುಗಳೂ ಆ ಕ್ಷಣದ ಸ್ಥಿತಿಯನ್ನು ಕಡತವಾಗಿ ಉಗುಳಿದ್ದವು. ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸುತ್ತ ನಾಲ್ಕು ಸಂಜೆ ಕಳೆದೆ. ನಾಲ್ಕನೆಯ ಸಂಜೆ ಸಿಕ್ಕಿತು. ಒಬ್ಬ ಕುದುರೆ ಸವಾರ, ಅವನೊಬ್ಬನ ವೇಗದಲ್ಲಿ ವ್ಯತ್ಯಾಸ. ಆಟದ ನಡುವೆ ಆ ಸವಾರರ ವೇಗ ಹೆಚ್ಚಿಸುವ ಸಂಶೋಧನೆಯೊಂದು ಮುಗಿದಿತ್ತು. ನಾನು ಬರೆದಿಟ್ಟುಕೊಂಡಿದ್ದ ಲೆಕ್ಕ ಮಾತ್ರ ಹಳೆಯದಾಗಿಯೇ ಉಳಿದಿತ್ತು. ಅಷ್ಟು ಹೊತ್ತು ನಾವಿಬ್ಬರೂ ಆಡಿದ್ದು ತಪ್ಪು ವೇಗದಲ್ಲಿ, ಆದರೆ ಇಬ್ಬರದೂ ಒಂದೇ ತಪ್ಪಾದ್ದರಿಂದ ಜಗಳವಿರಲಿಲ್ಲ. ಗೆಳೆಯ ಮರಳಿ ಬಂದಾಗ ಅವನ ಕಂಪ್ಯೂಟರಿನಲ್ಲಿ ನನ್ನ ಚೀಟಿ ಇರಲಿಲ್ಲ, ಹೊಸದಾಗಿ ಸರಿಯಾದ ಲೆಕ್ಕವನ್ನೇ ಹಾಕಿತು. ಸರಿ ಹೇಳಿದವನೊಬ್ಬ ಬಂದದ್ದರಿಂದ ಆಟ ಮುರಿದುಬಿತ್ತು! ಎಂಜಿನ್ನಿನಲ್ಲಿ ಇಂಥ ತಪ್ಪನ್ನೇ ಹಿಡಿಯಲು, ಆಟಗಾರ ಮರಳಿ ಸೇರಿದಂತೆ ನಟಿಸಿ ಎರಡು ಸ್ಥಿತಿಗಳನ್ನು ಹೋಲಿಸುವ ಪರೀಕ್ಷೆಯೊಂದು ಮೊದಲೇ ಇತ್ತು. ಅದನ್ನು ಒಮ್ಮೆ ಓಡಿಸಿದ್ದರೆ ನಾಲ್ಕು ಸಂಜೆ ಉಳಿಯುತ್ತಿದ್ದವು. ನಾನು ಆ ಪುಟವನ್ನು ಓದಿರಲಿಲ್ಲ.

ಆ ನಾಲ್ಕನೆಯ ಸಂಜೆಯ ಖುಷಿ ಇದೆಯಲ್ಲ, ಸಂಬಳ ತರುವ ಕೆಲಸದಲ್ಲಿ ನನಗೆ ಅದು ಅಪರೂಪ. ಅಲ್ಲಿ ನಾಲ್ಕು ಸಂಜೆಯನ್ನು ಒಬ್ಬ ಸವಾರನಿಗೆ ಕೊಡಲು ಯಾರೂ ಬಿಡುವುದಿಲ್ಲ.

ಹಾಗೆಂದು ಎಲ್ಲವೂ ಖುಷಿಯೆಂದು ತಿಳಿಯಬೇಡಿ. ಇಂಥ ಯೋಜನೆಗಳಲ್ಲಿ ಅತ್ಯಂತ ದುರ್ಲಭವಾದದ್ದು ನೀವು ಕಳುಹಿಸಿದ್ದನ್ನು ಕುಳಿತು ಓದುವವರ ಹೊತ್ತು. ಉಪಾಯ ಕೊಡುವವರಿಗೆ ಬರವಿಲ್ಲ. ಕೋಡ್ ಬರೆಯುವವರೂ ಬಂದು ಹೋಗುತ್ತಿರುತ್ತಾರೆ. ಇನ್ನೊಬ್ಬರು ಬರೆದ ಮುನ್ನೂರು ಸಾಲನ್ನು ಬೆರಳಿಟ್ಟು ಓದಿ, ‘ಇಲ್ಲಿ ಹೀಗಾದರೆ?’ ಎಂದು ಕೇಳುವವರು ಮಾತ್ರ ಒಂದು ಕೈ ಬೆರಳಲ್ಲಿ ಎಣಿಸುವಷ್ಟೇ. ಅವರಿಗೂ ಕೆಲಸ, ಪರೀಕ್ಷೆ, ಮಕ್ಕಳು. ಹಾಗಾಗಿ ಕಳುಹಿಸಿದ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ತಿಂಗಳುಗಟ್ಟಲೆ ಕಾಯುತ್ತದೆ, ಅಷ್ಟರಲ್ಲಿ ಸುತ್ತಲಿನ ಕೋಡ್ ಬದಲಾಗಿ ಅದು ಹಳಸುತ್ತದೆ. ಬೇಸತ್ತು ಬಿಟ್ಟು ಹೋದವರನ್ನು ನಾನು ದೂರಲಾರೆ. ಹಣ ಕೊಟ್ಟು ಇದನ್ನು ಬಗೆಹರಿಸಲು ತಂಡ ಒಮ್ಮೆ ನೋಡಿತು: 2013ರಲ್ಲಿ ಸಾರ್ವಜನಿಕರಿಂದ 1,60,000 ಡಾಲರ್ ಕೂಡಿಸಿ ಪೂರ್ಣಾವಧಿ ಪ್ರೋಗ್ರಾಮರುಗಳನ್ನು ಇಟ್ಟುಕೊಳ್ಳಲು ಹೊರಟರೆ, ಬಂದದ್ದು ಸುಮಾರು 33,000. ಆಟ ನಿಲ್ಲಲಿಲ್ಲ, ಮತ್ತೆ ಸಂಜೆಗಳ ಮೇಲೆಯೇ ನಡೆಯಿತು.

ಪರವಾನಗಿಯ ವಿಚಾರವನ್ನು ಮೊದಲೇ ತಲೆಗೆ ಹಾಕಿಕೊಳ್ಳಿ. ನಾನು ಆರಂಭದಲ್ಲಿ ಕಲ್ಲಿನ ಗೋಡೆಯ ಚೆಂದದ ಚಿತ್ರವೊಂದನ್ನು ಕಳುಹಿಸಿದಾಗ ಬಂದ ಉತ್ತರ ಒಂದೇ ಸಾಲು: ಇದು ಎಲ್ಲಿಯದು? ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಎಂದೆ. ಮಾತು ಅಲ್ಲಿಗೆ ಮುಗಿಯಿತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಎಂದು ಭರವಸೆ ಕೊಟ್ಟ ಆಟದಲ್ಲಿ ಯಾರದೆಂದು ತಿಳಿಯದ ಒಂದು ಕಲ್ಲೂ ಇರುವಂತಿಲ್ಲ.

ಈಗ ನಿಮ್ಮ ಪಾಲಿನ ಕೆಲಸಕ್ಕೆ ಬರುತ್ತೇನೆ. ಇತಿಹಾಸ ಓದಿದವರು ಬಂದ ಮೊದಲ ವಾರ ಸಾಮಾನ್ಯವಾಗಿ ‘ಇದು ಹೀಗಿರಲಿಲ್ಲ’ ಎಂದು ದೊಡ್ಡ ಪಟ್ಟಿ ಕೊಡುತ್ತಾರೆ. ಪಟ್ಟಿ ಸರಿಯಾಗಿಯೇ ಇರುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ಮೆಸಿಡೋನಿಯದ ಸಾರಿಸ್ಸಾ ಎಂಬ ಈಟಿಯನ್ನೇ ತೆಗೆದುಕೊಳ್ಳಿ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ತನ್ನ ಕಾಲದ ಈಟಿಗೆ ಹದಿನಾಲ್ಕು ಮೊಳದ ಅಳತೆ ಕೊಡುತ್ತಾನೆ, ಅಂದರೆ ಆರು ಮೀಟರಿನ ಆಸುಪಾಸು. ಎರಡೂ ಕೈ ಬೇಕು, ಆದ್ದರಿಂದ ಗುರಾಣಿಯನ್ನು ಪಟ್ಟಿಯಿಂದ ಹೆಗಲಿಗೆ ತೂಗುಹಾಕಿಕೊಳ್ಳಬೇಕು. ಪುಸ್ತಕದಲ್ಲಿ ಇದು ಮೂರು ಸಾಲು. ಆಟದಲ್ಲಿ ಅದೇ ಸೈನಿಕ ಆಟಗಾರ ಮೌಸ್ ಒತ್ತಿದ ಕೂಡಲೇ ಗರಕ್ಕನೆ ಹಿಂದಿರುಗಬೇಕು, ಮರಗಳ ನಡುವೆ ನುಸುಳಬೇಕು. ಈಟಿ ಮುಂದಿನವನ ಬೆನ್ನನ್ನು ತೂರಿಕೊಂಡು ಹೋದಂತೆ ಕಾಣಬಾರದು. ಮೇಲಿನಿಂದ ನೋಡುವ ಆಟಗಾರನಿಗೆ ಅವನು ಹೋಪ್ಲೈಟ್ ಎಂಬ ಗ್ರೀಕ್ ಕಾಲಾಳು ಅಲ್ಲ ಎಂದು ಒಂದೇ ನೋಟಕ್ಕೆ ಗೊತ್ತಾಗಬೇಕು. ಹಾಗಾಗಿ ‘ಎಷ್ಟು ನಿಜ?’ ಎಂಬ ಪ್ರಶ್ನೆಯ ಜೊತೆಯಲ್ಲೇ ‘ಯಾವ ಸುಳ್ಳನ್ನು ಒಪ್ಪಬಹುದು?’ ಎಂಬ ಪ್ರಶ್ನೆಯೂ ಬರುತ್ತದೆ. ಎರಡನೆಯದಕ್ಕೆ ಉತ್ತರ ಕೊಡಬಲ್ಲ ಇತಿಹಾಸಕಾರರು ಚಿನ್ನದಂಥವರು.

ಈ ಆಟದಲ್ಲಿ ಸಾಮಾನ್ಯ ಸೈನಿಕನೇ ಮರ ಕಡಿಯುತ್ತಾನೆ, ಹೊಲದಲ್ಲಿ ದುಡಿಯುತ್ತಾನೆ, ಕರೆ ಬಂದಾಗ ಈಟಿ ಹಿಡಿಯುತ್ತಾನೆ. ಗ್ರೀಕ್ ನಗರರಾಜ್ಯಗಳ ರೈತ ಯೋಧರಿಗೆ ಈ ಕಲ್ಪನೆ ಹೇಳಿ ಮಾಡಿಸಿದಂತಿದೆ. ಮೌರ್ಯರಿಗೆ? ಮೆಗಸ್ತನೀಸನನ್ನು ನಂಬಿದರೆ ಅಲ್ಲಿ ಯೋಧರದ್ದೇ ಪ್ರತ್ಯೇಕ ವರ್ಗ, ಪಕ್ಕದಲ್ಲಿ ಯುದ್ಧ ನಡೆಯುತ್ತಿದ್ದರೂ ರೈತ ಉಳುತ್ತಲೇ ಇರುತ್ತಾನೆ. ಆಟದ ನಿಯಮಕ್ಕೂ ಆಕರಕ್ಕೂ ಇಲ್ಲಿ ತಾಳೆಯಿಲ್ಲ. ನಿಯಮ ಬದಲಿಸಿದರೆ ಆಟದ ಸಮತೋಲನ ಕುಸಿಯುತ್ತದೆ, ಸ್ಪರ್ಧೆಗಾಗಿ ಆಡುವವರು ಕೂಗೆಬ್ಬಿಸುತ್ತಾರೆ. ನನ್ನ ಮಟ್ಟಿಗೆ ನಿಯಮ ಹಾಗೆಯೇ ಇರಲಿ, ವಿವರಣೆಯಲ್ಲಿ ನಿಜ ಹೇಳಿದರೆ ಸಾಕು. ಮೌರ್ಯರಿಗೆ ಕೊಟ್ಟಿರುವ ಕೆಲಸದ ಆನೆ ಮಾತ್ರ ನನಗೆ ಬಹಳ ಇಷ್ಟ. ಮರ ಕಡಿಯುವವರ ಹಿಂದೆಯೇ ನಡೆದುಕೊಂಡು ಹೋಗುವ ಉಗ್ರಾಣ ಅದು.

ಹೆಸರುಗಳೂ ನಿಮ್ಮಂಥವರನ್ನು ಕಾಯುವ ಕೆಲಸವೇ. ಪ್ರತಿಯೊಂದು ಪಡೆಗೂ ಕಟ್ಟಡಕ್ಕೂ ಸಾಮಾನ್ಯ ಹೆಸರಿನ ಜೊತೆಗೆ ಆಯಾ ಜನರ ಭಾಷೆಯ ಹೆಸರೂ ಇರುತ್ತದೆ. ಮೌರ್ಯರಿಗೆ ಸಂಸ್ಕೃತ ಇರಬೇಕೇ, ಪ್ರಾಕೃತವೇ? ಅಶೋಕ ತನ್ನ ಜನರೊಂದಿಗೆ ಶಾಸನಗಳಲ್ಲಿ ಮಾತಾಡಿದ್ದು ಪ್ರಾಕೃತದಲ್ಲಿ. ಪಡೆಗಳ, ಅಧಿಕಾರಿಗಳ ಪಾರಿಭಾಷಿಕ ಪದಗಳು ಹೇರಳವಾಗಿ ಸಿಗುವುದು ಅರ್ಥಶಾಸ್ತ್ರದಲ್ಲಿ, ಅದು ಸಂಸ್ಕೃತ. ಅದರ ಕಾಲದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಂಥದ್ದನ್ನು ಎರಡು ಪ್ಯಾರಾದಲ್ಲಿ ಆಧಾರಸಹಿತ ಬರೆದುಕೊಟ್ಟರೆ ಕೋಡ್ ಬರೆಯುವವನಿಗೆ ತಿಂಗಳ ಗೊಂದಲ ತಪ್ಪುತ್ತದೆ.

ಪ್ರೋಗ್ರಾಮಿಂಗ್ ಬಾರದೆಂಬ ಹಿಂಜರಿಕೆ ಬೇಡ. ಸೈನಿಕನೊಬ್ಬನ ಹೆಸರು, ವಿವರಣೆ, ವೆಚ್ಚ, ಬಲ ಎಲ್ಲವೂ ಎಕ್ಸ್‌ಎಂಎಲ್ ಕಡತದಲ್ಲಿವೆ, ಸಾಧಾರಣ ಪಠ್ಯ ಸಂಪಾದಕದಲ್ಲೇ ತೆರೆದುಕೊಳ್ಳುತ್ತವೆ. ಒಂದು ಎಚ್ಚರಿಕೆ: ಈ ಕಡತಗಳು ಮೇಲಿನ ಮಾದರಿ ಕಡತಗಳಿಂದ ಗುಣಗಳನ್ನು ಪಡೆದುಕೊಳ್ಳುತ್ತವೆ. ಕಾಲಾಳುವಿನ ಮೂಲ ಮಾದರಿಯಲ್ಲಿ ಒಂದು ಅಂಕಿ ತಿದ್ದಿದರೆ ರೋಮ್‌ನಿಂದ ಪಾಟಲಿಪುತ್ರದವರೆಗೆ ಎಲ್ಲರ ಕಾಲಾಳುಗಳೂ ಬದಲಾಗುತ್ತಾರೆ.

ಹೀಗೆ ಶುರುಮಾಡಿ. ಮೊದಲ ಎರಡು ವಾರ ಸುಮ್ಮನೆ ಆಡಿ. ಅಭಿಪ್ರಾಯವನ್ನೇನೂ ಬರೆಯಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ನಾಗರಿಕತೆ ಆರಿಸಿಕೊಂಡು, ಅದರ ಒಂದೇ ಕಟ್ಟಡದ ವಿವರಣೆ ಓದಿ. ತಪ್ಪು ಕಂಡರೆ ಆ ಒಂದು ವಾಕ್ಯವನ್ನಷ್ಟೇ ತಿದ್ದಿ, ಯಾವ ಗ್ರಂಥದ ಯಾವ ಪುಟ ಎಂದು ಬರೆದು ಕಳುಹಿಸಿ. ಜೊತೆಗೆ ಬೇರೆಯವರು ಕಳುಹಿಸಿದ ಒಂದು ತಿದ್ದುಪಡಿಯನ್ನು ನೀವೂ ಪರೀಕ್ಷಿಸಿ ನೋಡಿ, ಏನಾಯಿತೆಂದು ತಿಳಿಸಿ. ನಿಮ್ಮದನ್ನು ಓದುವವರ ಗಮನ ಬೇಗ ನಿಮ್ಮ ಕಡೆ ತಿರುಗುವುದು ಹಾಗೆ. ಮೂರು ವಾರ ಉತ್ತರ ಬಾರದಿದ್ದರೆ ಒಂದು ಸಾಲಿನ ನೆನಪೋಲೆ ಹಾಕಿ. ನನ್ನ ಕುದುರೆ ಸವಾರನ ಪ್ಯಾಚ್‌ಗೆ ಮೂರು ನೆನಪೋಲೆ ಬೇಕಾದವು. ಕೊನೆಗೆ ಅದರಲ್ಲಿ ಒಳಗೆ ಹೋದದ್ದು ಎರಡೇ ಸಾಲು.