ಯಂತ್ರ 90 ಎನ್ನುತ್ತದೆ, ಚಿತ್ರ 300 ಎನ್ನುತ್ತದೆ: ವೈರಸ್ ತುಂಡಾಗಿದೆಯೇ?

ಕೋಲಿನಾಕಾರದ ತಂಬಾಕಿನ ಮೊಸಾಯಿಕ್ ವೈರಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 300 ನ್ಯಾನೋಮೀಟರ್ ಉದ್ದ ಕಾಣುತ್ತದೆ, ಬೆಳಕಿನ ಚದುರಿಕೆಯ ಯಂತ್ರ ಮಾತ್ರ 90 ಎನ್ನುತ್ತದೆ, ಮಾದರಿ ಮುರಿದುಹೋಗಿರಬಹುದೇ ಎಂದು ಕೇಳಿದ್ದೀರಿ. ಚಿತ್ರದಲ್ಲಿ ಬಹುಪಾಲು ಕಣಗಳು ಇಡಿಯಾಗಿದ್ದರೆ, ಮುರಿದಿಲ್ಲ. ನಿಮ್ಮ ಯಂತ್ರ ಒನಕೆಯನ್ನು ಗುಂಡುಕಲ್ಲೆಂದು ಬಗೆದು ಅಳೆಯುತ್ತಿದೆ, ಅಷ್ಟೆ.

ಯಂತ್ರ ಉದ್ದವನ್ನು ನೋಡುವುದೇ ಇಲ್ಲ. ಕಣಗಳು ನೀರಿನಲ್ಲಿ ಅಲೆದಾಡಿದಂತೆ ಚದುರಿದ ಬೆಳಕು ಮಿನುಗುತ್ತದೆ; ಆ ಮಿನುಗು ಎಷ್ಟು ಬೇಗ ಬದಲಾಗುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅದರಿಂದ ವಿಸರಣದ ವೇಗ ಲೆಕ್ಕಹಾಕಿ, ‘ಇಷ್ಟೇ ವೇಗದಲ್ಲಿ ಅಲೆಯುವ ಗೋಳದ ವ್ಯಾಸ ಇಷ್ಟು’ ಎಂದು ಮುದ್ರಿಸುತ್ತದೆ. 300 ಉದ್ದ, 18 ದಪ್ಪದ ಕೋಲಿಗೆ ಲೆಕ್ಕ ಹಾಕಿ ನೋಡಿ, ಆ ಗೋಳದ ವ್ಯಾಸ ನೂರರ ಆಸುಪಾಸು ಬರುತ್ತದೆ. ಇನ್ನೂ ಕಡಿಮೆ ಬರುವುದು ಕೋನದಿಂದ. ನಿಮ್ಮದು 173 ಡಿಗ್ರಿಯಲ್ಲಿ, ಅಂದರೆ ಹೆಚ್ಚುಕಡಿಮೆ ಹಿಂದಕ್ಕೇ ಚದುರಿದ ಬೆಳಕನ್ನು ಅಳೆಯುವ ಯಂತ್ರವಾಗಿದ್ದರೆ, ಕೋಲು ಗಿರಕಿ ಹೊಡೆಯುವುದೂ ಆ ಮಿನುಗಿನಲ್ಲಿ ಬೆರೆಯುತ್ತದೆ. ಮಿನುಗು ಚುರುಕಾಗುತ್ತದೆ, ಕಣ ಚಿಕ್ಕದೆಂದು ಯಂತ್ರ ಮೋಸಹೋಗುತ್ತದೆ.

ಹಾಗಾಗಿ ಕೋನ ಬದಲಿಸಬಲ್ಲ ಉಪಕರಣ ಹುಡುಕಿ. 30 ಡಿಗ್ರಿಯಿಂದ ಮೇಲಕ್ಕೆ ಹಲವು ಕೋನಗಳಲ್ಲಿ ಅಳೆದು, ಬಂದ ಅಂಕಿಗಳ ಗೆರೆಯನ್ನು ಸೊನ್ನೆ ಕೋನದತ್ತ ಎಳೆದರೆ ಶುದ್ಧ ಅಲೆದಾಟ ಸಿಗುತ್ತದೆ. ಗಿರಕಿಯನ್ನು ಬೇರೆಯಾಗಿ ಹಿಡಿಯಬೇಕಾದರೆ ಪತ್ತೆಯಂತ್ರದ ಮುಂದೆ ಅಡ್ಡ ಧ್ರುವಕ (ಲೇಸರ್ ಬೆಳಕಿನ ಕಂಪನಕ್ಕೆ ಅಡ್ಡಲಾಗಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸೋಸುಗ) ಇಡಬೇಕು. ಬೆಳಕು ತೀರಾ ಮಂದ, ತಾಳ್ಮೆ ಬೇಕು. ಆದರೂ ಪಡುವ ಪಾಡಿಗೆ ಫಲವಿದೆ: ಗಿರಕಿಯ ವೇಗ ಹೆಚ್ಚುಕಡಿಮೆ ಉದ್ದದ ಘನಕ್ಕೆ ವಿಲೋಮವಾಗಿರುವುದರಿಂದ ಉದ್ದ ಕೊಂಚ ಬದಲಾದರೂ ಅದು ಹೇಳಿಬಿಡುತ್ತದೆ. ವೈರಸ್ ತುಂಡಾಗಿದೆಯೇ ಎಂಬ ನಿಮ್ಮ ಅನುಮಾನ ಬಗೆಹರಿಯುವುದೂ ಅಲ್ಲೇ.

ಸಾಂದ್ರತೆಯನ್ನು ನೀವು ತಿಳಿಸಿಲ್ಲ. ಮಿಲಿಲೀಟರಿಗೆ ಸುಮಾರು 2.5 ಮಿಲಿಗ್ರಾಂ ತಲುಪಿದರೆ, ಕೋಲಿನ ಉದ್ದದಷ್ಟೇ ಬದಿಯ ಪ್ರತಿ ಘನದೊಳಗೂ ಒಂದೊಂದು ಕೋಲು ಬಂದು ಕೂತಂತೆ. ತಿರುಗಲು ಒಂದಕ್ಕೊಂದು ಅಡ್ಡಿ. 0.1 ಮಿಲಿಗ್ರಾಂಗೆ ಇಳಿಸಿ. (ಇದಕ್ಕಿಂತ ಬಹಳ ಗಟ್ಟಿಯಾದರೆ ಕೋಲುಗಳು ತಾವಾಗಿಯೇ ಸಾಲುಗಟ್ಟಿ ದ್ರವಸ್ಫಟಿಕವಾಗುತ್ತವೆ. 1949ರಲ್ಲಿ ವಿಜ್ಞಾನಿ ಲಾರ್ಸ್ ಒನ್ಸಾಗರ್ ಅದಕ್ಕೆ ಕೊಟ್ಟ ವಿವರಣೆ ಸೊಗಸಾಗಿದೆ, ಆದರೆ ಅದು ನಿಮ್ಮ ಪ್ರಶ್ನೆಯಲ್ಲ.)

ಕೊನೆಗೆ ಧೂಳು. ನಾನು ಒಮ್ಮೆ ಇಡೀ ವಾರ ‘ಕಣಗಳು ಅಂಟಿಕೊಳ್ಳುತ್ತಿವೆ’ ಎಂದು ನಂಬಿ ಉಪ್ಪಿನ ಪ್ರಮಾಣ ಬದಲಿಸುತ್ತಾ ಕೂತಿದ್ದೆ. ದೀಪ ಆರಿಸಿ ಲೇಸರ್ ಗೆರೆಯನ್ನು ಬರಿಗಣ್ಣಿನಿಂದ, ಪಕ್ಕದಿಂದ ನೋಡಿದಾಗ ಗೊತ್ತಾಯಿತು: ಸಮನಾದ ಕೆಂಪು ಎಳೆಯ ನಡುವೆ ಆಗೊಂದು ಈಗೊಂದು ಚುಕ್ಕೆ ಫಳಕ್ಕನೆ ಹೊಳೆದು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಗಾಜಿನ ಕೋಶ ಒರೆಸಿದ ಕಾಗದದ ಜುಂಗು ಅದು. ನೀವೂ ಉಪ್ಪಿಗೆ ಕೈಹಾಕುವ ಮೊದಲು ಬಫರ್ (ವೈರಸ್ ಬೆರೆಸುವ ದ್ರಾವಣ) ಸೋಸಿ, ಕೋಶವನ್ನು ಒರೆಸದೆ ತೊಳೆದು ಬೋರಲು ಹಾಕಿ ಒಣಗಿಸಿ, ಒಮ್ಮೆ ಹೀಗೆ ನೋಡಿ.