ಮುಂಬೈಯ ಕಾಮಿಕ್ ಕನ್ವೆನ್ಷನ್‌ನಲ್ಲಿ (ಕಾಮಿಕ್ಸ್, ಸಿನಿಮಾ ಅಭಿಮಾನಿಗಳ ಮೇಳ) ಡೊಂಬಿವಲಿಯ ನಮ್ಮ ಮನೆಯಲ್ಲೇ ಮಾಡಿದ ಕಪ್‌ಕೇಕ್, ಬಿಸ್ಕತ್ತು ಮಾರಬಹುದೇ?

ಮಾರಬಹುದು. ಆದರೆ ಕಪ್‌ಕೇಕ್ ಬಿಡಿ, ಬಿಸ್ಕತ್ತು ಹಿಡಿಯಿರಿ. ನಿಮ್ಮ ಡೊಂಬಿವಲಿಯಿಂದ ಹೊರಟು, ದಾದರ್‌ನಲ್ಲಿ ಗಾಡಿ ಬದಲಿಸಿ, ಗೋರೆಗಾಂವ್‌ನ ನೆಸ್ಕೋ ಪ್ರದರ್ಶನ ಹಾಲ್ ಮುಟ್ಟುವಷ್ಟರಲ್ಲಿ ಬಟರ್‌ಕ್ರೀಮ್ ಕಥೆ ಮುಗಿದಿರುತ್ತದೆ. ಟ್ಯಾಕ್ಸಿಯಲ್ಲಿ ಹೋದರೂ ಫ್ರಿಜ್ಜಿಲ್ಲದ ಟೇಬಲ್ ಮೇಲೆ ದಿನವಿಡೀ ಕ್ರೀಮ್ ಇಡುವುದು ಸರಿಯಲ್ಲ.

ಮೈದಾ ತೂಗುವ ಮೊದಲು ಆಯೋಜಕರಿಗೊಂದು ಮೇಲ್ ಹಾಕಿ. ದೊಡ್ಡ ಹಾಲ್‌ಗಳಲ್ಲಿ ತಿಂಡಿ ಮಾರುವ ಹಕ್ಕು ಬಹಳ ಸಲ ಫುಡ್ ಕೋರ್ಟಿನವರಿಗೇ ಮೀಸಲು. ಟೇಬಲ್ ಬುಕ್ ಆಯಿತೆಂದರೆ ತಿನ್ನುವ ವಸ್ತು ಇಡಲು ಬಿಡುತ್ತಾರೆಂದಲ್ಲ. ಸೀಲ್ ಮಾಡಿದ ಒಣ ಬಿಸ್ಕತ್ತು ಮಾತ್ರ, ಅಲ್ಲಿ ಅಡುಗೆ ಇಲ್ಲ ಎಂದು ಬರೆದು, ಒಪ್ಪಿಗೆಯನ್ನೂ ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಮನೆ ಅಡುಗೆಗೂ ಬೇಕು. ಅದರದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಆ 14 ಅಂಕಿಯ ನಂಬರ್, ಹೆಸರು, ವಿಳಾಸ, ತೂಕ, ಬೆಲೆ, ಮಾಡಿದ ದಿನ, ಬಾಳಿಕೆಯ ದಿನ, ಪದಾರ್ಥಗಳು (ಹೆಚ್ಚು ಇರುವುದು ಮೊದಲು), ಗೋಧಿ-ಹಾಲು-ಗೋಡಂಬಿಯಂಥ ಅಲರ್ಜಿಯ ಸೂಚನೆ, ಇಷ್ಟೂ ಲೇಬಲ್ ಮೇಲೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರಬೇಕು. ಮೊಟ್ಟೆ ಹಾಕಿದರೆ ಹಸಿರು ಚುಕ್ಕೆ ಇಲ್ಲ, ಮಾಂಸಾಹಾರದ ಗುರುತಾದ ಕಂದು ತ್ರಿಕೋನ. ಈ ಊರಲ್ಲಿ ಅರ್ಧ ಗಿರಾಕಿಗಳ ಮೊದಲ ಪ್ರಶ್ನೆಯೇ 'ಎಗ್‌ಲೆಸ್ ಹೈ ನಾ?' ಆದ್ದರಿಂದ ಮೊಟ್ಟೆಯ ಗೊಡವೆಯೇ ಬೇಡ.

ಮೈದಾ 300 ಗ್ರಾಂ, ಬೆಣ್ಣೆ 200, ಪುಡಿ ಸಕ್ಕರೆ 100. ಇಷ್ಟಕ್ಕೆ 15 ಗ್ರಾಂನ 40 ಬಿಸ್ಕತ್ತು. ಮುಂಬೈ ಅಡುಗೆಮನೆಯ ಸೆಕೆಗೆ ಹಿಟ್ಟು ಕೈಯಲ್ಲೇ ಜಿಡ್ಡಾಗುತ್ತದೆ, ಹಾಗೇ ಕತ್ತರಿಸಿ ಬೇಯಿಸಿದರೆ ನಕ್ಷತ್ರ ಹೋಗಿ ರೊಟ್ಟಿಯಾಗುತ್ತದೆ. ಎರಡು ಬಟರ್ ಪೇಪರ್ ನಡುವೆ 5 ಮಿಲಿಮೀಟರ್ ದಪ್ಪ ಲಟ್ಟಿಸಿ, ಫ್ರೀಜರ್‌ನಲ್ಲಿ 15 ನಿಮಿಷ ಇಟ್ಟು ಆಮೇಲೆ ಅಚ್ಚೊತ್ತಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 170 ಡಿಗ್ರಿಗೆ 12ರಿಂದ 14 ನಿಮಿಷ. ಅಂಚು ಹೊಂಬಣ್ಣ ಬಂದರೆ ಸಾಕು. ಬಿಸಿ ಆರದೆ ಪೊಟ್ಟಣ ಕಟ್ಟಿದರೆ ಒಳಗೆ ಹಬೆ ಕೂತು ಮರುದಿನ ಮೆತ್ತಗಾಗುತ್ತದೆ.

ಐಸಿಂಗ್‌ಗೆ 250 ಗ್ರಾಂ ಐಸಿಂಗ್ ಶುಗರ್, 2–3 ದೊಡ್ಡ ಚಮಚ ನೀರು, ಒಂದು ಚಮಚ ಕಾರ್ನ್ ಸಿರಪ್. ತೇವದ ಹವೆಯಲ್ಲಿ ಇದು ಒಣಗಲು ಇಡೀ ರಾತ್ರಿ ಬೇಕು, ಫ್ಯಾನಿನ ಕೆಳಗೆ. ಅವಸರಕ್ಕೆ ಫ್ರಿಜ್ಜಿಗೆ ಇಡಬೇಡಿ. ಹೊರತೆಗೆದೊಡನೆ ಬೆವರಿ ಕೆಂಪು ಬಣ್ಣ ಬಿಳಿಯೊಳಕ್ಕೆ ಹರಿಯುತ್ತದೆ. ಕಪ್ಪು ಬೇಕಿದ್ದರೆ ಮೊದಲು ಕೋಕೋ ಕಲಸಿ, ಆಮೇಲೆ ಜೆಲ್ ಬಣ್ಣ ಒಂದೆರಡು ಹನಿ ಹಾಕಿ. ಬರೀ ಬಣ್ಣದಿಂದಲೇ ಕಪ್ಪು ಮಾಡಿದರೆ ತಿಂದವರ ಹಲ್ಲೂ ಕಪ್ಪು.

ಚೌಕಿಯಲ್ಲಿ ವೇಷ ಕಟ್ಟಿದ ಮೇಲೆ ಯಕ್ಷಗಾನದವರು ತಿನ್ನಲು ಪಡುವ ಪಾಡು ಗೊತ್ತಿದೆಯಲ್ಲ? ಕಾಸ್‌ಪ್ಲೇ (ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ) ಮಾಡಿ ಬರುವವರದೂ ಅದೇ ಫಜೀತಿ: ಕೈಗೆ ಗ್ಲೌಸ್, ತುಟಿಗೆ ಬಣ್ಣ. ಒಂದೇ ತುತ್ತಿಗೆ ಹೋಗುವ ಸಣ್ಣ ಬಿಸ್ಕತ್ತು, ಕೈಯಲ್ಲೇ ಹರಿಯಬಹುದಾದ ಪೊಟ್ಟಣ ಇರಲಿ. ಹೆಸರಾಂತ ಪಾತ್ರಗಳ ಮುಖ, ಲಾಂಛನ ಬಿಡಿಸಿ ಮಾರಿದರೆ ಕಾಪಿರೈಟ್, ಟ್ರೇಡ್‌ಮಾರ್ಕ್ ತಗಾದೆ. ಖಡ್ಗ, ಮಂತ್ರದಂಡ, ರಾಕೆಟ್, ಬೆಕ್ಕು ಯಾರಪ್ಪನ ಸೊತ್ತೂ ಅಲ್ಲ.

ಮೊದಲ ಸಲಕ್ಕೆ ಮೂರು ಬಿಸ್ಕತ್ತಿನ 150 ಪೊಟ್ಟಣ ಸಾಕು ಅನ್ನುತ್ತೇನೆ. ಅಂದರೆ ಹನ್ನೆರಡು ಬ್ಯಾಚ್, 2.4 ಕಿಲೋ ಬೆಣ್ಣೆ. ಹೆಚ್ಚುವರಿ 30 ಬಿಸ್ಕತ್ತು ಒಡೆಯುವುದಕ್ಕೆ, ರುಚಿ ತೋರಿಸುವುದಕ್ಕೆ. ಟೇಬಲ್ ಬಾಡಿಗೆ 6,000 ಎಂದಿಟ್ಟುಕೊಂಡರೆ ಪೊಟ್ಟಣದ ತಲೆಗೆ ಬಾಡಿಗೆಯೇ 40 ರೂಪಾಯಿ. ಇದನ್ನು ಮರೆತು ಬರೀ ಸಾಮಾನಿನ ಮೇಲೆ ಬೆಲೆ ಕಟ್ಟಿ 50ಕ್ಕೆ ಮಾರುವವರೇ ಕೈ ಸುಟ್ಟುಕೊಳ್ಳುವುದು. 100 ಇಡಿ, ಚಿಲ್ಲರೆಯ ತಾಪತ್ರಯವೂ ತಪ್ಪುತ್ತದೆ. ಕೈಚೀಲ ಕೊಡುವುದಾದರೆ ಕಾಗದದ್ದು. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಜನ ತುಂಬಿದ ಹಾಲ್‌ನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನ್ ಒಯ್ಯಿರಿ, ಯುಪಿಐ ಹಣ ಬಂದ ಮೆಸೇಜ್ ನೋಡಿಯೇ ಪೊಟ್ಟಣ ಕೊಡಿ.